ದೊರೆ ಬಂಗಲೆಯಲ್ಲಿ ಒಂದು ರಾತ್ರಿ

ಸಂಘದ ಕಾರ್ಯನಿಮಿತ್ತ ಕೊಡಗಿಗೆ ಹೋಗಿದ್ದಾಗ ಹಳೆಯ ದೊರೆ ಬಂಗಲೆಯೊಂದರಲ್ಲಿ ಒಂದು ರಾತ್ರಿ ತಂಗುವ ಪ್ರಸಂಗ ನಮಗೊದಗಿತು. ಈಗದು ಆರು ಕೋಣೆಗಳ ಹೋಟೆಲು. ಹೆಂಚಿನ ಮಾಡು, ಉದ್ದನೆಯ ಜಗಲಿ, ಕಾಲು ಚಾಚಲು ನೀಳ ಕೈಗಳುಳ್ಳ ಬೆತ್ತದ ಕುರ್ಚಿ, ಗೋಡೆಯ ಮೇಲೆ ಕಾಟಿಯ ತಲೆ, ಕೋವಿ ಹಿಡಿದ ಬಿಳಿಯರ ಪಟಗಳು. ಎಲ್ಲವೂ ಅಚ್ಚುಕಟ್ಟಾಗಿತ್ತು, ನಿದ್ದೆಯೂ ಚೆನ್ನಾಗಿ ಬಂತು.

ಆದರೆ ಆ ಪಟಗಳಲ್ಲಿ ಕಾಡು ಕಡಿದವರು, ಗುಂಡಿ ತೋಡಿದವರು, ಹಣ್ಣು ಕೊಯ್ದವರು ಒಬ್ಬರೂ ಇರಲಿಲ್ಲ. ಮುಂಗಡ ಪಡೆದು ಕೆಲಸ ಬಿಟ್ಟುಹೋದ ಕೂಲಿಯಾಳನ್ನು ಸೆರೆಮನೆಗೆ ತಳ್ಳಲು ಆಸ್ಪದವಿತ್ತ 1859ರ ಕರಾರುಭಂಗದ ಕಾಯಿದೆಯೂ ಆ ಬಂಗಲೆಗಳ ಚರಿತ್ರೆಯೇ ಹೌದು. ಬಿಳಿಯರು ತೋಟ ಹಾಕುವ ಮುನ್ನವೇ ಬಾಬಾಬುಡನ್‌ಗಿರಿಯ ಆಸುಪಾಸಿನ ರೈತರು ಕಾಫಿ ಬೆಳೆಯುತ್ತಿದ್ದರೆಂಬುದನ್ನೂ ಅಲ್ಲಿ ಯಾರೂ ಹೇಳಲಿಲ್ಲ.

ಬೆಳಿಗ್ಗೆ ಬಂದದ್ದು ಪೊಟ್ಟಣದ ಇನ್‌ಸ್ಟಂಟ್ ಕಾಫಿ. ಕಿಟಕಿಯಾಚೆ ರೊಬಸ್ಟಾ ಗಿಡಗಳು ಕಾಯಿ ತುಂಬಿ ನಿಂತಿದ್ದವು! 1996ರಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ನಿಂತ ಮೇಲೆ ಮಾರಾಟದ ಹೊಣೆ ನಮ್ಮ ಹೆಗಲಿಗೇ ಬಿದ್ದಿದೆ. ಪಕ್ಕದ ಹೋಟೆಲಿಗೇ ಪುಡಿ ಮಾರಲಾರೆವಾದರೆ ದೂರದ ಪೇಟೆಯ ಮಾತೇಕೆ?

ನಮ್ಮ ಸದಸ್ಯರಲ್ಲಿ ಕೆಲವರು ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳಲು ಹೊರಟಿದ್ದಾರೆ. ಸಂತೋಷ. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: ಸಾಲ ಮಾಡಿ ದೊರೆಯ ವೇಷ ಹಾಕಬೇಡಿ. ಇರುವ ತೊಟ್ಟಿಮನೆಯನ್ನೇ ಗಟ್ಟಿ ಮಾಡಿ, ಸ್ನಾನದ ಮನೆ ಸರಿಪಡಿಸಿ. ಕಾಫಿ ಕಣ, ಅಡಿಕೆ ಬೇಯಿಸುವ ಒಲೆ ತೋರಿಸಿ. ಅಲ್ಲಿ ದುಡಿಯುವವರ ಹೆಸರೂ ಹೇಳಿ. ಸ್ವಂತ ಬೀಜ ಹುರಿದ ಕಾಫಿ ಕೊಡಿ.

ಹೋಟೆಲುಗಳಿಗೆ ಸಂಘದಿಂದಲೇ ಪುಡಿ ಒದಗಿಸುವ ವಿಚಾರವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡಲಿದ್ದೇವೆ. ಸದಸ್ಯರು ತಮ್ಮ ಅಭಿಪ್ರಾಯ ಬರೆದು ತಿಳಿಸಬೇಕು.