ಹಾಡು ಮನೆಯೊಳಗೆ, ಹಾಡಿದವಳು ಹೊಸ್ತಿಲಾಚೆ



ಸುರಪುರದ ರಂಗಂಪೇಟೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಗೆ ಇತ್ತೀಚೆಗೆ ಹೋಗಿದ್ದೆ. ಒಂಬತ್ತನೇ ತರಗತಿಯ ಹುಡುಗಿ. ಅಲ್ಲಾಹನು ಅವಳಿಗೆ ಎಂತಹ ಕಂಠ ಕೊಟ್ಟಿದ್ದಾನೆಂದರೆ, ಅವಳು ನಾತ್ ಓದಲು ನಿಂತರೆ ತರಗತಿಯ ತುಂಟ ಮಕ್ಕಳೂ ತೆಪ್ಪಗಾಗುತ್ತಾರೆ. ಶಾಲೆಯ ವಾರ್ಷಿಕೋತ್ಸವಕ್ಕೆ ಹೆಸರು ಕೊಟ್ಟಿದ್ದವಳು ಎರಡು ದಿನ ಮುಂಚೆ ಹಿಂದೆ ಸರಿದಳು. ಕೇಳಿದರೆ, "ಅಬ್ಬಾ ಬ್ಯಾಡ ಅಂದ್ರು ಆಪಾ" ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು.

ಅವರ ಮನೆಗೆ ಹೋದಾಗ ಅಬ್ಬಾ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಒಳಗೆ ದಾದಿ ಮರಿಮಗುವಿನ ತೊಟ್ಟಿಲು ತೂಗುತ್ತಾ ಏನೋ ಗುನುಗುತ್ತಿದ್ದರು. ಕಿವಿಗೊಟ್ಟು ಕೇಳಿದೆ. ಮೋಡಗಳಿಗೆ ಮೆಲ್ಲಗೆ ಬಾ ಎನ್ನುವ ಹಳೆಯ ಹಿಂದಿ ಹಾಡು.

"ದಾದಿ, ಇದು ಯಾರ ಹಾಡು?"

"ಯಾರಿಗ್ಗೊತ್ತವ್ವಾ? ನಮ್ಮ ಅಮ್ಮಿ ಹಾಡತಿದ್ಲು. ಆಕಿ ರೇಡಿಯೋದಾಗ ಕೇಳಿ ಕಲ್ತಿದ್ಲಂತ. ನನ್ನ ಮಕ್ಕಳೆಲ್ಲಾ ಇದರಾಗೇ ಮಲಗ್ಯಾರ."

ಅಂದರೆ ಮಗಳಿಗೆ ಹಾಡಬೇಡ ಎಂದ ಆ ಅಬ್ಬಾ ಕೂಡ ಈ ಹಾಡಿಗೇ ಕಣ್ಣು ಮುಚ್ಚಿ ನಿದ್ದೆ ಹೋದವರು! ಹಾಡಿದವರು ಯಾರೆಂದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಿಮಗೆ ಗೊತ್ತೇ? ಆ ಹಾಡು 1943ರ 'ಕಿಸ್ಮತ್' ಚಿತ್ರದ್ದು. ಹಾಡಿದವರು ಅಮೀರಬಾಯಿ ಕರ್ನಾಟಕಿ. ಹುಟ್ಟಿದ್ದು ಬೀಳಗಿಯಲ್ಲಿ. ಅಂದು ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ನಮ್ಮ ನಾರಾಯಣಪುರದ ಬಸವಸಾಗರಕ್ಕೆ ಬಂದು ಶಹಾಪುರ, ಸುರಪುರದ ಹೊಲಗಳಿಗೆ ಹರಿಯುವ ಕೃಷ್ಣೆ ಆ ಸೀಮೆಯನ್ನು ದಾಟಿಯೇ ಬರುತ್ತಾಳೆ. ಮನೆಯಲ್ಲಿ ಕನ್ನಡ ಆಡುತ್ತಿದ್ದ, ನಮ್ಮದೇ ಸಮುದಾಯದ ಹೆಣ್ಣುಮಗಳು ಅವರು.

ಇಂದು ಒಂದು ಹಾಡು ಒಂದೇ ದಿನದಲ್ಲಿ ಲಕ್ಷಾಂತರ ಮೊಬೈಲುಗಳನ್ನು ತಲುಪುತ್ತದೆ. ಆಗ ಹಾಗಿರಲಿಲ್ಲ. ಹಾಡುವವರಿಗೆ ನಾಟಕ ಕಂಪನಿ, ಗ್ರಾಮಫೋನ್ ತಟ್ಟೆ, ಆಮೇಲೆ ಮಾತಾಡುವ ಸಿನಿಮಾ, ಇವೇ ದಾರಿಗಳು. ಹಿಂದಿಯ ಮೊದಲ ಟಾಕಿ 'ಆಲಂ ಆರಾ' ತೆರೆಕಂಡದ್ದು 1931ರಲ್ಲಿ. ಕನ್ನಡದ 'ಸತಿ ಸುಲೋಚನ' 1934ರಲ್ಲಿ. ಅದೇ ಹೊತ್ತಿಗೆ ಅಮೀರಬಾಯಿ ಮುಂಬೈ ಚಿತ್ರರಂಗಕ್ಕೆ ಕಾಲಿಟ್ಟರು. ಅವರ ಅಕ್ಕ ಗೋಹರಬಾಯಿ ಆಗಲೇ ಅಲ್ಲಿದ್ದರು. ಮುಂದೆ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿಯಲ್ಲಿ ಹೆಸರು ಮಾಡಿದವರು. ಅಮೀರಬಾಯಿಗೆ ಮೊದಲು ಹೆಸರು ತಂದವುಗಳಲ್ಲಿ ಎಚ್‌ಎಂವಿ ಕಂಪನಿಗೆ ಹಾಡಿದ ಒಂದು ಕವ್ವಾಲಿಯೂ ಸೇರಿದೆ. ಆಮೇಲೆ ಬಂದದ್ದು 'ಕಿಸ್ಮತ್'. ಅನಿಲ್ ಬಿಸ್ವಾಸರ ಸಂಗೀತ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. 'ಭಾರತ ಬಿಟ್ಟು ತೊಲಗಿ' ಚಳವಳಿಯ ಮರುವರ್ಷ ಬಂದ ಆ ಚಿತ್ರದಲ್ಲಿ, ಪರಕೀಯರು ದೂರ ಸರಿಯಲಿ ಎನ್ನುವ ಕವಿ ಪ್ರದೀಪರ ಹಾಡಿಗೂ ಅಮೀರಬಾಯಿಯ ದನಿಯಿತ್ತು. ತೊಟ್ಟಿಲು ತೂಗುವ ತಾಯಿಗೂ, ಬೀದಿಯಲ್ಲಿ ಹೋರಾಡುವ ಯುವಕರಿಗೂ ಒಂದೇ ಕಂಠ ಒದಗಿ ಬಂದಿತ್ತು! 1944ರಲ್ಲಿ ನೌಷಾದರ 'ರತನ್' ಬಂದಾಗ ಅವರ ಖ್ಯಾತಿ ಇನ್ನೂ ಹೆಚ್ಚಿತು. ವಿಜಯಪುರದಲ್ಲಿ ಅವರು ಕಟ್ಟಿಸಿದ ಚಿತ್ರಮಂದಿರಕ್ಕೆ 'ಅಮೀರ್ ಟಾಕೀಸ್' ಎಂದೇ ಹೆಸರು.

ಅವರ ಹೆಸರನ್ನೇ ಸ್ವಲ್ಪ ಯೋಚಿಸಿ ನೋಡಿ. ಅಂದು ಬೀಳಗಿ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಹೈದರಾಬಾದಿನಲ್ಲಿದ್ದವು. ಕನ್ನಡಿಗರೆಲ್ಲ ಒಂದು ರಾಜ್ಯವಾದದ್ದು 1956ರಲ್ಲಿ, ಅದಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು 1973ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಒಬ್ಬ ಮುಸ್ಲಿಮ್ ಹೆಣ್ಣುಮಗಳು ಮುಂಬೈಯಲ್ಲಿ 'ಕರ್ನಾಟಕಿ' ಎಂದು ಕರೆಸಿಕೊಂಡು ನಡೆದಾಡಿದಳು. ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಈ ಮಾತಿಗೆ ಒಂದು ಸಾಲಾದರೂ ಜಾಗ ಬೇಡವೇ?

ಆದರೆ ಸಹೋದರಿಯರೇ, ಖ್ಯಾತಿಯ ಕಥೆಯೊಂದನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಚಿತ್ರನಟನೊಬ್ಬನೊಂದಿಗೆ ಆದ ಮೊದಲ ಮದುವೆ ಅವರಿಗೆ ನೋವನ್ನೇ ತಂದಿತು, ಕೊನೆಗೆ ಮುರಿಯಿತು. ಸಾವಿರಾರು ಮನೆಗಳ ಮಕ್ಕಳನ್ನು ಮಲಗಿಸಿದ ದನಿಗೆ ಸ್ವಂತ ಮನೆಯಲ್ಲಿ ನೆಮ್ಮದಿ ಸಿಗಲಿಲ್ಲ. 1940ರ ದಶಕದ ಕೊನೆಗೆ ಕಾಲದ ರುಚಿಯೂ ಬದಲಾಯಿತು. 1949ರ 'ಮಹಲ್' ಚಿತ್ರದ ನಂತರ ಲತಾ ಮಂಗೇಶ್ಕರ್ ಅವರ ತೆಳು ದನಿ ಎಲ್ಲೆಡೆ ಹಬ್ಬಿತು. ಅಮೀರಬಾಯಿ, ಜೊಹ್ರಾಬಾಯಿ ಅಂಬಾಲೆವಾಲಿ ಮುಂತಾದವರ ತುಂಬು ಕಂಠಗಳಿಗೆ ಹಾಡು ಕಡಿಮೆಯಾದವು. ಅವರು ಸಣ್ಣಪುಟ್ಟ ಪಾತ್ರಗಳಲ್ಲಿ ಅಭಿನಯಿಸಿ ದಿನ ದೂಡಿದರು. 1965ರಲ್ಲಿ ತೀರಿಕೊಂಡರು.

ಆ ಕಾಲದ ಇನ್ನೊಂದು ಸಂಗತಿ ಕೇಳಿ. ಸಿನಿಮಾ ಹಾಡಿನ ತಟ್ಟೆಯ ಮೇಲೆ ಎಷ್ಟೋ ಸಲ ಹಾಡಿದವರ ಹೆಸರನ್ನೇ ಹಾಕುತ್ತಿರಲಿಲ್ಲ. ಚಿತ್ರದ ಪಾತ್ರದ ಹೆಸರು ಹಾಕುತ್ತಿದ್ದರು. 'ಮಹಲ್' ತಟ್ಟೆಯಲ್ಲೂ ಮೊದಲು ಲತಾ ಹೆಸರಿನ ಬದಲು 'ಕಾಮಿನಿ' ಎಂಬ ಪಾತ್ರದ ಹೆಸರಿತ್ತು. ಕಂಠ ಬೇಕು, ಹೆಣ್ಣಿನ ಹೆಸರು ಬೇಡ! ರಂಗಂಪೇಟೆಯ ಆ ಮನೆಯಲ್ಲಿ ನಾನು ಕಂಡದ್ದೂ ಇದನ್ನೇ ಅಲ್ಲವೇ? ಹಾಡು ತೊಟ್ಟಿಲ ತನಕ ಬಂದಿದೆ. ಹಾಡಿದವಳನ್ನು ಮಾತ್ರ ನಾವು ಹೊಸ್ತಿಲಾಚೆ ನಿಲ್ಲಿಸಿದ್ದೇವೆ. ಪ್ರೊಫೆಸರ್ ರಹಮತ್ ತರೀಕೆರೆ ಅವರು ಊರೂರು ಅಲೆದು ಅಮೀರಬಾಯಿಯ ಜೀವನವನ್ನು ಕನ್ನಡದಲ್ಲಿ ಪುಸ್ತಕವಾಗಿ ಬರೆದು ಆ ಋಣವನ್ನು ಸ್ವಲ್ಪ ತೀರಿಸಿದ್ದಾರೆ.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: "ಆಪಾ, ಮದ್ರಸದಲ್ಲಿ ಕಲಿತವರು ನೀವು, ಸಿನಿಮಾ ಹಾಡನ್ನು ಹೊಗಳುತ್ತೀರಾ?" ಪ್ರಶ್ನೆ ಸರಿಯಾದುದೇ. ನಾನು ಫತ್ವಾ ಕೊಡುವವಳಲ್ಲ. ಕಲಿತಷ್ಟನ್ನು ಹೇಳುತ್ತೇನೆ. ವಾದ್ಯಗಳ ಬಗ್ಗೆ ಎಚ್ಚರಿಸುವ ಹದೀಸ್ ಬುಖಾರಿಯಲ್ಲಿದೆ. ಅದರ ಆಧಾರದ ಮೇಲೆ ಬಹಳಷ್ಟು ಉಲಮಾಗಳು ಸಂಗೀತವನ್ನು ತಡೆದಿದ್ದಾರೆ. ಈದ್ ದಿನ ಹಝ್ರತ್ ಆಯಿಶಾ(ರ)ರ ಬಳಿ ಇಬ್ಬರು ಹುಡುಗಿಯರು ಹಾಡುತ್ತಿದ್ದುದು, ಹಝ್ರತ್ ಅಬೂಬಕರ್(ರ) ಗದರಿಸಿದಾಗ ಪ್ರವಾದಿವರ್ಯರು(ಸ) ಅವರನ್ನು ಬಿಟ್ಟುಬಿಡಿ, ಇದು ಹಬ್ಬದ ದಿನ ಎಂಬರ್ಥದ ಮಾತು ಹೇಳಿದ್ದು, ಅದೂ ಬುಖಾರಿಯಲ್ಲೇ ಇದೆ. ಇಮಾಮ್ ಗಝಾಲಿ ತಮ್ಮ 'ಇಹ್ಯಾ'ದಲ್ಲಿ ಸಮಾ ಕುರಿತೇ ಒಂದು ಅಧ್ಯಾಯ ಬರೆದರು. ನಮ್ಮ ಪಕ್ಕದ ಕಲಬುರಗಿಯ ಬಂದೇನವಾಜರ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳದವರು ಯಾರು? ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಅಲ್ಲಾಹನ ನಾಮಸ್ಮರಣೆ ಮಾಡಲೆಂದು ದಖ್ಖನಿನ ಸೂಫಿಗಳು 'ಚಕ್ಕಿನಾಮಾ' ಹಾಡುಗಳನ್ನೇ ಕಟ್ಟಿಕೊಟ್ಟರು. ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ಹಿಂದೂ-ಮುಸ್ಲಿಮರು ಕೂಡಿ ಕನ್ನಡದ ರಿವಾಯತ್ ಪದ ಹಾಡುವುದನ್ನು ನಾವೆಲ್ಲ ಕೇಳುತ್ತಲೇ ಬೆಳೆದಿದ್ದೇವೆ.

ಈ ತೊಳಲಾಟ ನಮಗೆ ಮಾತ್ರ ಸೀಮಿತವಲ್ಲ. ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಿನಿಂದ ಲೋಕವನ್ನೇ ಕುಣಿಸಿದ ಲಂಡನ್ನಿನ ಪಾಪ್ ಗಾಯಕ 1977ರಲ್ಲಿ ಇಸ್ಲಾಮ್ ಸ್ವೀಕರಿಸಿ ಯೂಸುಫ್ ಇಸ್ಲಾಮ್ ಆದರು. ಗಿಟಾರುಗಳನ್ನು ಹರಾಜು ಹಾಕಿ ಆ ಹಣವನ್ನು ದಾನಕ್ಕೆ ಕೊಟ್ಟರು. 1983ರಲ್ಲಿ ಲಂಡನ್ನಿನಲ್ಲಿ ಮುಸ್ಲಿಮ್ ಮಕ್ಕಳಿಗಾಗಿ ಶಾಲೆ ತೆರೆದರು. ಎಷ್ಟೋ ವರ್ಷಗಳ ಬಳಿಕ ಮಗ ಮನೆಗೆ ತಂದ ಗಿಟಾರನ್ನು ಕೈಗೆತ್ತಿಕೊಂಡು, 2006ರಲ್ಲಿ ಮತ್ತೆ ಹಾಡಿನ ಆಲ್ಬಂ ಹೊರತಂದರು. ಈಜಿಪ್ಟಿನ ಉಮ್ಮು ಕುಲ್ಸೂಮ್ ಹಳ್ಳಿಯ ಇಮಾಮರ ಮಗಳು. ಕುರ್‌ಆನ್ ಪಾರಾಯಣದಿಂದಲೇ ಅವರ ಕಂಠ ಹದಗೊಂಡಿತು. ಸಣ್ಣವಳಿದ್ದಾಗ ತಂದೆಯೇ ಅವಳಿಗೆ ಹುಡುಗರ ಉಡುಪು ತೊಡಿಸಿ ಜೊತೆಯಲ್ಲಿ ಕರೆದೊಯ್ಯುತ್ತಿದ್ದರು. 1975ರಲ್ಲಿ ಅವರು ತೀರಿಕೊಂಡಾಗ ಕೈರೋದ ಬೀದಿಗಳಲ್ಲಿ ಜನಸಾಗರವೇ ಸೇರಿತ್ತು. ಒಬ್ಬಳಿಗೆ ಗೌರವ, ಇನ್ನೊಬ್ಬಳಿಗೆ ಮರೆವು. ಕಂಠದಲ್ಲಿ ಅಂತಹ ವ್ಯತ್ಯಾಸವೇನೂ ಇರಲಿಲ್ಲ. ಜೊತೆಗೆ ನಿಂತವರಲ್ಲಿ ಇತ್ತು.

ಮಗ್ರಿಬ್ ಆದ ಮೇಲೆ ಹುಡುಗಿಯ ಅಬ್ಬಾ ಬಂದರು. ಅವರದು ಸಣ್ಣ ಕಿರಾಣಿ ಅಂಗಡಿ. ಸಿಟ್ಟಿನ ಮನುಷ್ಯರಲ್ಲ. "ನಾತ್ ಓದೋದು ತಪ್ಪಂತ ನಾ ಹೇಳಂಗಿಲ್ರೀ ಆಪಾ. ಆದ್ರ ನಾಕು ಮಂದಿ ಮುಂದ ಹಾಡೋ ಹುಡುಗೀಗಿ ನಾಳಿ ಸಂಬಂಧ ಯಾರು ಕೇಳತಾರ?" ಎಂದರು. ಅವರ ಭಯ ಸುಳ್ಳಲ್ಲ. ಆ ಭಯವನ್ನು ಹುಟ್ಟಿಸಿದವರು ನಾವೇ, ಮದುವೆ ಮನೆಗಳಲ್ಲಿ ಕುಳಿತು ಮಾತಾಡುವ ಹೆಂಗಸರು.

ನಾನು ಏನೂ ವಾದ ಮಾಡಲಿಲ್ಲ. ಮೊಬೈಲಿನಲ್ಲಿ ಆ ಹಳೆಯ ಹಾಡು ಹಾಕಿದೆ. ಅವರು ಒಂದು ಕ್ಷಣ ಕೇಳಿ, "ಇದು ನಮ್ಮ ಅಮ್ಮೀದು" ಎಂದರು. "ಅಲ್ಲ, ಬೀಳಗಿಯ ಒಬ್ಬ ಹೆಣ್ಣುಮಗಳದು" ಎಂದು ಅಮೀರಬಾಯಿಯ ಕಥೆ ಹೇಳಿದೆ. ಎಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಕಡೀಗಿ ಆಕೀಗೇನು ಸಿಕ್ತು?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಹೇಳಿದೆ: "ಹಾಡಿದ್ದರಿಂದ ಆಕೆಗೆ ಕಷ್ಟ ಬರಲಿಲ್ಲ ಭಾಯಿ. ಆಕೆಯ ಬೆನ್ನಿಗೆ ನಿಲ್ಲುವವರು ಇರಲಿಲ್ಲ. ನಿಮ್ಮ ಮಗಳಿಗೆ ನೀವಿದ್ದೀರಿ."

ಸಹೋದರಿಯರೇ, ನಮ್ಮ ಹೆಣ್ಣುಮಕ್ಕಳಿಗೆ ಕಂಠವಿರಲಿ, ಕೈಕಸುಬಿರಲಿ, ಓದಿರಲಿ, ಅದು ಅಲ್ಲಾಹನ ಅಮಾನತ್. ಅದರ ಜೊತೆಗೆ ಅವರ ಹಕ್ಕುಗಳನ್ನೂ ಕಲಿಸೋಣ. ಹೆಣ್ಣು ದುಡಿದದ್ದು ಹೆಣ್ಣಿನದೇ ಎಂಬ ತತ್ವ ಸೂರ ಅನ್ನಿಸಾದಲ್ಲಿದೆ. ಗಂಡ ಅದನ್ನು ಕಸಿಯುವಂತಿಲ್ಲ. ಬಾಳಲಾಗದ ದಾಂಪತ್ಯದಿಂದ ಹೊರಬರಲು ಶರೀಅತ್ ಖುಲಾದ ದಾರಿ ಇಟ್ಟಿದೆ. ನಮ್ಮ ದೇಶದ 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆಯೂ ಹೆಣ್ಣಿಗೆ ನ್ಯಾಯಾಲಯದ ಬಾಗಿಲು ತೆರೆದಿದೆ. ಯಾವ ಹಾಡು, ಯಾರ ಮುಂದೆ, ಯಾವ ಮಿತಿಯಲ್ಲಿ ಎಂಬುದನ್ನು ಪ್ರತಿ ಮನೆ ತನ್ನ ದೀನಿನ ತಿಳುವಳಿಕೆಯಂತೆ ನಿರ್ಧರಿಸಲಿ. ಆದರೆ ಹಾಡನ್ನು ಸವಿದು ಹಾಡಿದವಳನ್ನು ಹೀಗಳೆಯುವುದು ಮಾತ್ರ ಯಾವ ಮದ್ಹಬಿನಲ್ಲೂ ನ್ಯಾಯವೆನಿಸದು.

ಆ ಹುಡುಗಿಯ ವಿಷಯ? "ಡಿಗ್ರಿ ತನಕ ಓದಸ್ತೀನಿ, ಮನ್ಯಾಗ ನಾತ್ ನಿಲ್ಲಸಂಗಿಲ್ಲ. ಸ್ಟೇಜಿನ ಮಾತು ಆಮ್ಯಾಲ ನೋಡೂಣು" ಎಂದರು ಅಬ್ಬಾ. ನನಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಮುಚ್ಚಿದ ಬಾಗಿಲಿಗಿಂತ ಅರ್ಧ ತೆರೆದ ಬಾಗಿಲು ಮೇಲು. ಹೊರಡುವಾಗ ದಾದಿ ನನ್ನ ಕೈ ಹಿಡಿದು, "ಆಕೀ ಹೆಸರೇನಂದಿ? ಇನ್ನೊಮ್ಮಿ ಹೇಳವ್ವಾ" ಎಂದರು. ಹೇಳಿದೆ. ಎರಡು ಸಲ ತಮಗೇ ಹೇಳಿಕೊಂಡರು. ಮೊಮ್ಮಗಳು ಅದನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ನೀವೂ ಇಂದು ರಾತ್ರಿ ನಿಮ್ಮ ಮನೆಯ ದಾದಿ, ನಾನಿಯರನ್ನು ಕೇಳಿ ನೋಡಿ, ಅವರು ಗುನುಗುವ ಹಾಡು ಯಾರದೆಂದು. ಹೆಸರು ಸಿಕ್ಕರೆ ಮಕ್ಕಳಿಗೆ ಹೇಳಿಕೊಡಿ, ಹಾಡಿದವಳಿಗಾಗಿ ಒಂದು ದುಆ ಮಾಡಿ. ನಮ್ಮ ಹೆಣ್ಣುಮಕ್ಕಳ ದನಿಗೆ ಗೌರವವನ್ನೂ, ಬದುಕಿಗೆ ನೆಮ್ಮದಿಯನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.