ತಾಲ್ಲೂಕು ನ್ಯಾಯಾಲಯವೂ ತಾಯ್ನುಡಿಯೂ

ನ್ಯಾಯದಾನವೆಂದೊಡನೆ ಜನರ ದೃಷ್ಟಿಯು ಉಚ್ಚ ನ್ಯಾಯಾಲಯದ ಕಡೆಗೋ ಸರ್ವೋಚ್ಚ ನ್ಯಾಯಾಲಯದ ಕಡೆಗೋ ಹರಿಯುವುದು ಸಹಜ. ಆದರೆ ಹೊಲದ ಬದು, ಮನೆಯ ಪಾಲು, ಕೈಸಾಲದ ಹಣ ಮೊದಲಾದ ವ್ಯಾಜ್ಯಗಳು ಬಹುಮಟ್ಟಿಗೆ ಮೊದಲು ಏರುವುದು ತಾಲ್ಲೂಕು ನ್ಯಾಯಾಲಯದ ಮೆಟ್ಟಿಲನ್ನೇ. ಹಿಂದೆ ಮುನ್ಸೀಫ್ ಕೋರ್ಟೆನಿಸಿದ್ದ ಈ ಪೀಠವು ಇಂದು ಸಿವಿಲ್ ನ್ಯಾಯಾಧೀಶರ ನ್ಯಾಯಾಲಯವಾಗಿದೆ.

ಇದರ ಅಧಿಕಾರವ್ಯಾಪ್ತಿ ಕಿರಿದೆಂದು ತೋರಬಹುದು. ಇಲ್ಲಿ ಹೂಡಬಹುದಾದ ದಾವೆಯ ಮೌಲ್ಯಕ್ಕೆ ಮಿತಿಯುಂಟು. ಪ್ರಥಮ ದರ್ಜೆಯ ದಂಡಾಧಿಕಾರಿಯು ವಿಧಿಸುವ ಸೆರೆವಾಸವು 3 ವರ್ಷಗಳನ್ನು ಮೀರುವಂತಿಲ್ಲ. ಆದರೂ ದಾವೆಯನ್ನು ವಿಚಾರಿಸಬಲ್ಲ ನ್ಯಾಯಾಲಯಗಳಲ್ಲಿ ಅತ್ಯಂತ ಕೆಳಗಿನದರಲ್ಲಿಯೇ ಅದನ್ನು ಹೂಡಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 15ನೆಯ ಕಲಮು ವಿಧಿಸುತ್ತದೆ. 16ನೆಯ ಕಲಮು ಭೂಮಿಯ ವ್ಯಾಜ್ಯವನ್ನು ಆ ಭೂಮಿಯಿರುವ ಎಲ್ಲೆಯ ನ್ಯಾಯಾಲಯಕ್ಕೆ ಒಪ್ಪಿಸುತ್ತದೆ. 1976ರ ತಿದ್ದುಪಡಿಯಿಂದೀಚೆಗೆ, ಉಚ್ಚ ನ್ಯಾಯಾಲಯಕ್ಕೆ ಎರಡನೆಯ ಮೇಲ್ಮನವಿ ಹೋಗಬೇಕಾದರೆ ಮಹತ್ತ್ವದ ಕಾನೂನು ಪ್ರಶ್ನೆಯಿರಲೇಬೇಕು. ಅಂದಮೇಲೆ ಸಾಕ್ಷಿಯು ನುಡಿದುದೇನು, ನಡೆದ ಸಂಗತಿಯೇನು ಎಂಬುದಕ್ಕೆ ತಾಲ್ಲೂಕಿನ ಕಡತವೇ ತಳಹದಿ.

ಆ ಕಡತದ ನುಡಿ ಯಾವುದು? ಅಧೀನ ನ್ಯಾಯಾಲಯಗಳ ಭಾಷೆಯನ್ನು ನಿರ್ಧರಿಸುವ ಅಧಿಕಾರವನ್ನು 137ನೆಯ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಕರ್ನಾಟಕದಲ್ಲಿ ಕನ್ನಡಕ್ಕೆ ಆ ಸ್ಥಾನ ದೊರೆತಿದೆ. ಆದರೆ ಸಾಕ್ಷ್ಯದ ದಾಖಲೆಯೊಂದನ್ನುಳಿದು ಮಿಕ್ಕ ಬರಹಗಳು ಇಂಗ್ಲಿಷಿನಲ್ಲಿರಬಹುದೆಂದೂ ಅದೇ ಕಲಮು ಹೇಳುತ್ತದೆ. ಈ ಬಾಗಿಲಿನಿಂದಲೇ ಇಂಗ್ಲಿಷ್ ತೀರ್ಪು ಒಳಬರುತ್ತದೆ. ಹೊಲ ಉಳಿಯಿತೋ ಹೋಯಿತೋ ಎಂಬುದನ್ನು ಒಕ್ಕಲಿಗನು ವಕೀಲರ ಬಾಯಿಂದ ಕೇಳಿ ತಿಳಿಯಬೇಕು. ಸೋತುದೇಕೆಂಬುದು ಅವನಿಗೆ ಕೊನೆಗೂ ತಿಳಿಯದು.

ಸಂವಿಧಾನದ 348ನೆಯ ಅನುಚ್ಛೇದದಂತೆ ಮೇಲಣ ನ್ಯಾಯಾಲಯಗಳ ವ್ಯವಹಾರವು ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡದ ತೀರ್ಪು ಭಾಷಾಂತರದ ಹೊರೆಯಾಗುವುದೆಂಬ ಆಕ್ಷೇಪಣೆಯುಂಟು. ಅದು ನಿರಾಧಾರವಲ್ಲ. ಆದರೆ ಆ ಹೊರೆಯನ್ನು ಹೊರಬೇಕಾದುದು ವ್ಯವಸ್ಥೆಯೇ ಹೊರತು ಅಕ್ಷರ ಬಲ್ಲದ ಕಕ್ಷಿಗಾರನಲ್ಲ. ಎಲ್ಲ ತೀರ್ಪುಗಳೂ ಮೇಲ್ಮನವಿಗೆ ಹೋಗುವುದೂ ಇಲ್ಲ.

ಕನ್ನಡ ವಿದ್ವಾಂಸರ ಹೊಣೆಯೂ ಇಲ್ಲಿ ಅಲ್ಪವಲ್ಲ. ಸಮಾಸಗಳಿಂದ ಬಿಗಿದ ಕಠಿನ ಪರಿಭಾಷೆಯು ಇಂಗ್ಲಿಷಿನಷ್ಟೇ ದೂರವಾಗಬಲ್ಲುದು. ದಾವೆ, ಫಿರ್ಯಾದಿ, ಜಪ್ತಿ, ಪಾಟೀಸವಾಲು ಎಂಬ ಮಾತುಗಳು ಎಲ್ಲಿಂದಲೇ ಬಂದಿರಲಿ, ಜನರ ನಾಲಗೆಯಲ್ಲಿ ನೆಲೆನಿಂತಿವೆ. ಅವನ್ನು ಕೈಬಿಡುವುದು ವಿವೇಕವಲ್ಲ.

ಉಪಾಧ್ಯಾಯರು ಪ್ರೌಢಶಾಲೆಯ ಮಕ್ಕಳಿಗೆ ಪ್ರಬಂಧದೊಡನೆ ಒಂದು ಅರ್ಜಿಯನ್ನೂ, ಕಂಡ ಸಂಗತಿಯ ನೇರ ವರದಿಯನ್ನೂ ಬರೆಯಲು ಕಲಿಸಲಿ. ವಕೀಲವೃತ್ತಿ ಹಿಡಿದ ಹಳೆಯ ವಿದ್ಯಾರ್ಥಿಗಳು ತಮ್ಮ ವಾದಪತ್ರಗಳನ್ನು ಕನ್ನಡದಲ್ಲಿ ಸಲ್ಲಿಸಲಿ. ಕಾನೂನು ಬಾಗಿಲು ತೆರೆದಿದೆ. ಒಳಗೆ ಕಾಲಿಡಬೇಕಾದವರು ಕನ್ನಡಿಗರೇ.