ತಾಯಿಯ ತಟ್ಟೆಯ ಲೆಕ್ಕ ಕೊಡುವವರಾರು?

ಹೆರಿಗೆ ವಾರ್ಡಿನಲ್ಲಿ ಮಗುವಿನ ತೂಕ ಎರಡೇ ಕಿಲೋ ಎಂದು ನರ್ಸ್ ತಿಳಿಸಿದ ಕೂಡಲೇ ಹೊರಗೆ ನಿಂತ ಮನೆಮಂದಿಯಿಂದ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, 'ಎಲ್ಲ ಅಲ್ಲಾಹನ ಇಚ್ಛೆ.' ಇನ್ನೊಂದು, 'ಸೊಸೆಯೇ ಸಣಕಲು, ಮಗು ಇನ್ನು ಹೇಗಿದ್ದೀತು?' ಮೊದಲ ಮಾತಿನಲ್ಲಿ ವಿಶ್ವಾಸಕ್ಕಿಂತ ನುಣುಚಿಕೊಳ್ಳುವ ಜಾಣ್ಮೆಯೇ ಹೆಚ್ಚು. ಎರಡನೆಯದಂತೂ ಶುದ್ಧ ಅನ್ಯಾಯ. ಆ ಸೊಸೆ ಸಣಕಲಾಗಿ ಉಳಿದದ್ದು ಯಾರ ಅಡುಗೆಮನೆಯಲ್ಲಿ?

ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಶಿಶುವನ್ನು ವೈದ್ಯಶಾಸ್ತ್ರವು ಕಡಿಮೆ ತೂಕದ ಶಿಶುವೆಂದು ಗುರುತಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ತೂಕ ದಾಖಲಾದ ನವಜಾತ ಶಿಶುಗಳ ಪೈಕಿ ಸುಮಾರು ಶೇ. 18 ಈ ಗುಂಪಿನವು. ಗರ್ಭಿಣಿಯರಲ್ಲಿ ಶೇ. 52 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆಂದೂ ಅದೇ ಸಮೀಕ್ಷೆ ಹೇಳಿದೆ. ಅವಧಿಪೂರ್ವ ಹೆರಿಗೆ, ಅವಳಿ ಗರ್ಭ, ರಕ್ತದೊತ್ತಡ, ಸೋಂಕು ಮುಂತಾದ ಕಾರಣಗಳೆಲ್ಲ ಕುಟುಂಬದ ಹಿಡಿತದಲ್ಲಿಲ್ಲ ನಿಜ. ಆದರೆ ತಾಯಿಯ ಊಟ, ಆಕೆಯ ವಿಶ್ರಾಂತಿ, ಆಕೆಯ ಮದುವೆಯ ವಯಸ್ಸು ನಮ್ಮ ಕೈಯಲ್ಲೇ ಇವೆಯಲ್ಲವೇ?

ಸಣ್ಣದಾಗಿ ಹುಟ್ಟಿದ್ದು ಮುಂದೆ ಬೆಳೆದೀತು ಎಂದು ಸಮಾಧಾನಪಟ್ಟುಕೊಳ್ಳುವವರು ಮೈಸೂರಿನತ್ತ ನೋಡಲಿ. ಅಲ್ಲಿನ ಮಿಷನ್ ಆಸ್ಪತ್ರೆಯೊಂದರಲ್ಲಿ 1934ರಿಂದ 1954ರ ನಡುವೆ ಜನಿಸಿದ ಐನೂರಕ್ಕೂ ಹೆಚ್ಚು ಮಂದಿಯನ್ನು ಸಂಶೋಧಕರು ದಶಕಗಳ ನಂತರ ಪತ್ತೆಹಚ್ಚಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ಈ ಪ್ರಮಾಣ ಶೇ. 3 ಮಾತ್ರ. ಕಡಿಮೆ ತೂಕದಲ್ಲಿ ಹುಟ್ಟಿ, ತಾಯಿಯೂ 45 ಕಿಲೋಗಿಂತ ಕಡಿಮೆ ತೂಗುತ್ತಿದ್ದವರಲ್ಲಿ ಶೇ. 20! ಗರ್ಭಿಣಿಗೆ ತಪ್ಪಿದ ತುತ್ತಿನ ಬೆಲೆಯನ್ನು ಮಗು ನಡುವಯಸ್ಸಿನಲ್ಲಿಯೂ ತೆರುತ್ತಿರುತ್ತದೆ.

ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಪದ್ಧತಿ ಬದಲಾಗಿಲ್ಲ. ಗಂಡಸರು ಉಂಡ ಬಳಿಕ ಮಕ್ಕಳು, ಮಕ್ಕಳ ಬಳಿಕ ಹಿರಿಯರು, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದ ಸಾರು ಸೊಸೆಗೆ. 'ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತು' ಎಂಬ ಅಜ್ಞಾನ ಬೇರೆ. ಕಬ್ಬಿಣಾಂಶದ ಮಾತ್ರೆಯಿಂದ ವಾಕರಿಕೆ ಬಂದರೆ ವೈದ್ಯರನ್ನು ಕೇಳುವ ಬದಲು ಮಾತ್ರೆಯನ್ನೇ ಬಿಡಿಸಲಾಗುತ್ತದೆ. ಮೈ ತುಂಬುವ ಮುನ್ನವೇ ಹುಡುಗಿಯ ಮದುವೆ ಮಾಡಿ, ವರ್ಷ ತುಂಬುವುದರೊಳಗೆ 'ಇನ್ನೂ ವಿಶೇಷವಿಲ್ಲವೇ?' ಎಂದು ಪೀಡಿಸುವವರೂ ನಾವೇ. ಇನ್ನು ಮಗು ಹುಟ್ಟಿದ ಏಳನೆಯ ದಿನ ಅಕೀಕದ ಸಂಭ್ರಮ! ಆಡಿನ ತೂಕ ನೋಡಿ ಚೌಕಾಸಿ ಮಾಡಿ, ನೂರಾರು ಮಂದಿಗೆ ಮಾಂಸದೂಟ ಬಡಿಸುತ್ತೇವೆ. ಒಂಬತ್ತು ತಿಂಗಳು ದಿನಕ್ಕೊಂದು ಮೊಟ್ಟೆಯಂತೆ ಆ ತಾಯಿಗೆ ಕೊಡಲು ಎಷ್ಟು ಖರ್ಚಾಗುತ್ತಿತ್ತು? ಸುನ್ನತ್ತನ್ನು ನೆನಪಿಟ್ಟ ನಾವು ಅಮಾನತ್ತನ್ನು ಮರೆತದ್ದೇಕೆ?

ಹಾಗೆಂದು ಸರಕಾರವನ್ನು ಹೊಣೆಯಿಂದ ಬಿಡುಗಡೆಗೊಳಿಸುವಂತಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯು ಸರಕಾರಿ ಉದ್ಯೋಗಿಗಳಂತಹ ಕೆಲವರನ್ನು ಬಿಟ್ಟು ಎಲ್ಲ ಗರ್ಭಿಣಿಯರಿಗೂ ಕನಿಷ್ಠ 6,000 ರೂಪಾಯಿಯ ಹಕ್ಕು ನೀಡಿತು. 2017ರ ಮಾತೃ ವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ ಮಾತ್ರ ಸೀಮಿತಗೊಳಿಸಿ 5,000ಕ್ಕೆ ಇಳಿಸಿತು. 2022ರಿಂದ ಎರಡನೆಯದು ಹೆಣ್ಣುಮಗುವಾದರೆ 6,000 ದೊರೆಯುತ್ತದೆ. ಎರಡನೆಯದು ಗಂಡಾದರೆ ತಾಯಿಗೆ ಹಸಿವಾಗುವುದಿಲ್ಲವೇ? ಕಾಯ್ದೆ ಕೊಟ್ಟದ್ದನ್ನು ಯೋಜನೆ ಕಸಿಯುವುದು ಯಾವ ನ್ಯಾಯ?

ಆದರೆ ಪ್ರಶ್ನೆ ಕೇಳುವ ಅರ್ಹತೆ ನಮಗೂ ಇರಬೇಕಲ್ಲ! ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು 2017ರಲ್ಲಿ ರಾಜ್ಯ ಆರಂಭಿಸಿದಾಗ, ಸೊಸೆ ಅಲ್ಲಿಗೆ ಹೋಗಿ ಉಣ್ಣುವುದು ಮನೆತನದ ಮಾನಕ್ಕೆ ಕುಂದು ಎಂದವರು ನಮ್ಮಲ್ಲಿಲ್ಲವೇ? ಆಕೆ ಹಸಿದಿರುವುದು ಮಾನಕ್ಕೆ ಕುಂದಲ್ಲ, ಉಣ್ಣುವುದು ಕುಂದು!

ಜಮಾಅತ್‌ಗಳು ನಿಕಾಹ್ ನೋಂದಾಯಿಸುವಾಗ ಹುಡುಗಿಯ ವಯಸ್ಸಿನ ದಾಖಲೆಯನ್ನು ಕಡ್ಡಾಯವಾಗಿ ನೋಡಲಿ. ಖತೀಬರು ವರ್ಷಕ್ಕೊಂದು ಜುಮಾ ಖುತುಬಾವನ್ನಾದರೂ ಗರ್ಭಿಣಿಯ ಆರೈಕೆಗೆ ಮೀಸಲಿಡಲಿ. ಇದಾವುದಕ್ಕೂ ಕಾಯದೆ ಆಗುವ ಕೆಲಸ ಒಂದಿದೆ: ಇಂದು ರಾತ್ರಿ ನಿಮ್ಮ ಮನೆಯಲ್ಲಿ ಮೊದಲ ತಟ್ಟೆಯನ್ನು ಗರ್ಭಿಣಿ ಸೊಸೆಯ ಮುಂದಿಡಿ.